ವರಾಂಡಾ ಇಲ್ಲದ ಆಸ್ಪತ್ರೆ

ಹೊರಡುವ ಮೊದಲು, ನಾಗಪುರದ ಧರಮಪೇಠ

ಪರದೇಶಕ್ಕೆ ಹೊರಟವರ ಮನೆಯಲ್ಲಿ ಹಿಂದಿನ ದಿನ ಗದ್ದಲ ಇರುತ್ತದೆ. ನಮ್ಮ ಮನೆಯಲ್ಲಿ ಇದ್ದದ್ದು ಪಿಸುಮಾತು. ನಾನೂ ನನ್ನ ಗಂಡ ಮಲ್ಲಿಕಾರ್ಜುನ ಅವರೂ ಅಡುಗೆಮನೆಯಲ್ಲಿ ಮಿಕ್ಸರ್ ಹಚ್ಚಿ, ಅದರ ಸದ್ದಿನ ಮರೆಯಲ್ಲಿ ಮಾತಾಡುತ್ತಿದ್ದೆವು. ಹೊರಗಿನ ಕೋಣೆಯಲ್ಲಿ ಅತ್ತೆ ಕೂತಿದ್ದರು. ಅವರಿಗೆ ಕೇಳಿಸದ ಹಾಗೆ ಮಾಡುವುದಷ್ಟೇ ಆ ಮಿಕ್ಸರಿನ ಕೆಲಸ. ಒಳಗೆ ಅರೆಯಲು ಏನೂ ಇರಲಿಲ್ಲ.

ಅತ್ತೆ ಧರಮಪೇಠದ ಒಂದು ಮರಾಠಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹುಟ್ಟಿದ್ದು ಧಾರವಾಡದ ಕಡೆ, ಬೇರು ಬಿಟ್ಟದ್ದು ನಾಗಪುರದಲ್ಲಿ. ನಮ್ಮ ಓಣಿಯಲ್ಲಿ ಸ್ಕೂಟರ್ ಓಡಿಸುವ ಅರ್ಧಕ್ಕರ್ಧ ಮಂದಿ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಈಗಲೂ ಗಾಡಿ ನಿಲ್ಲಿಸಿ "ಹಿರೇಮಠ ಬಾಯಿ, ನಮಸ್ಕಾರ" ಅಂದು ಹೋಗುತ್ತಾರೆ; ಮರಾಠಿಯಲ್ಲಿ ಟೀಚರಮ್ಮನಿಗೆ ಬಾಯಿ ಅನ್ನುತ್ತಾರೆ. ಅವರಿಗೆ ಕೆಲವು ತಿಂಗಳಿಂದ ಹೊಟ್ಟೆನೋವು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನಮ್ಮನ್ನು ಕರೆಸಿ, ವರದಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿ, "ಆಜೀಂನಾ ಜರಾ ಬಾಹೇರ್ ಬಸವಾ" ಅಂದರು. ಅಜ್ಜಿಯನ್ನು ಸ್ವಲ್ಪ ಹೊರಗೆ ಕೂರಿಸಿ. ಕೈ ಹಿಡಿದು ಎಬ್ಬಿಸಿ, ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಂದವಳು ನಾನೇ.

ಕ್ಯಾನ್ಸರ್. ನಿಧಾನವಾಗಿ ಬೆಳೆಯುವ ಜಾತಿಯದು ಎಂದರು. ಆಪರೇಷನ್ ಮಾಡಬಹುದು, ಆದರೆ ಈ ವಯಸ್ಸಿಗೆ ಅದು ದೊಡ್ಡ ಪೆಟ್ಟು. ಇಲ್ಲವಾದರೆ ಹಾಗೇ ಬಿಟ್ಟು, ನೋವಿಗೆ ಔಷಧಿ ಕೊಟ್ಟು, ಇರುವಷ್ಟು ದಿನ ಸುಖವಾಗಿಡಬಹುದು. "ನೀವು ಪ್ರವಾಸ ಮುಗಿಸಿಕೊಂಡು ಬನ್ನಿ ಸಿಸ್ಟರ್, ಆಮೇಲೆ ಇಬ್ಬರೂ ಯೋಚಿಸಿ ಹೇಳಿ," ಎಂದು ನನಗೆ ಅಂದರು. ಇಬ್ಬರು ಅಂದರೆ ಮಗ ಮತ್ತು ಸೊಸೆ. ಅತ್ತೆಯ ಹೊಟ್ಟೆಯ ತೀರ್ಮಾನ ನಮ್ಮ ಕೈಗೆ ಬಂತು. ಅತ್ತೆಗೆ "ಹುಣ್ಣು ಆಗೇತ್ರಿ, ಗುಳಿಗಿ ತಗೊಂಡ್ರ ಹೋಗತೈತಿ" ಎಂದು ಹೇಳಿದೆವು. ಹುಣ್ಣು ಅಂದ ಮೇಲೆ ಖಾರ ಕೊಡುವ ಹಾಗಿಲ್ಲವಲ್ಲ. ತರ್ರಿ ಪೋಹೆ ಎಂದರೆ ಖಾರದ ರಸ ಸುರಿದ ಅವಲಕ್ಕಿ; ಆ ಕೆಂಪು ರಸ ಬಟ್ಟಲಲ್ಲಿ ಉಳಿಯಬಾರದೆಂದು ಕೊನೆಗೆ ಬೆರಳಿಂದ ಒರೆಸಿ ತಿನ್ನುತ್ತಿದ್ದ ಹೆಂಗಸಿಗೆ ನಾವು ಮೂರು ಹೊತ್ತೂ ಮೊಸರನ್ನ ಬಡಿಸತೊಡಗಿದೆವು. ಸುಳ್ಳಿಗೆ ಪಥ್ಯವನ್ನೂ ಮಾಡಿಸಿದೆವು.

ನಾನು ಹೊರಟದ್ದು ನೆದರ್ಲ್ಯಾಂಡ್ಸಿನ ಉಟ್ರೆಕ್ಟ್ ಎಂಬ ಊರಿಗೆ. ನಾಗಪುರದ ಹೊರಗೆ ಕಳಮೇಶ್ವರದ ದಾರಿಯಲ್ಲಿರುವ ನರ್ಸಿಂಗ್ ಕಾಲೇಜಿನಲ್ಲಿ ನಾನು ಪಾಠ ಹೇಳುತ್ತೇನೆ. ಮಕ್ಕಳು ಆಡುವ ವಿಡಿಯೋ ಗೇಮಿನ ತಂತ್ರವನ್ನು ಆಸ್ಪತ್ರೆ, ಅಗ್ನಿಶಾಮಕ ದಳ, ಹೈನುಗಾರಿಕೆ ಎಲ್ಲದಕ್ಕೂ ಬಳಸುವ ಒಂದು ಸಂಶೋಧನಾ ಕೇಂದ್ರ ಅಲ್ಲಿದೆ. ಅವರು ನಮ್ಮ ಕಡೆಯ ನರ್ಸುಗಳಿಗಾಗಿ ಒಂದು ಆಟ ಮಾಡುವವರಿದ್ದರು. ಭಾರತದ ವಾರ್ಡು ಹೇಗಿರುತ್ತದೆ ಎಂದು ಹೇಳಲು ಒಬ್ಬರು ಬೇಕಿತ್ತು. ನಾನು ಕಲಿಸುವ ವಿಷಯ ಯಾವುದೆಂದೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ: ರೋಗಿಯೊಂದಿಗೆ ಮಾತಾಡುವ ಬಗೆ.

ಹೊರಡುವಾಗ ಅತ್ತೆ ಬಾಗಿಲತನಕ ಬಂದರು. "ಗಿರಿಜಾ, ಅಲ್ಲಿ ಗುಡಿ ಗೋಪುರ ನೋಡಿ ಬಂದು ನನಗ ಹೇಳೂದು ಬ್ಯಾಡ. ಅವು ಟೀವ್ಯಾಗ ಕಾಣತಾವ. ಯಾರದರ ಮನಿ ಅಡಗಿಮನಿ ಹೊಕ್ಕು ನೋಡು. ಬಂದು ಅದನ್ನ ಹೇಳು," ಅಂದರು. ನಾನು ಕಾಲಿಗೆ ಬಿದ್ದೆ. ಮುಖ ನೋಡದೆ ಇರಲು ಅದೊಂದು ಒಳ್ಳೆಯ ಉಪಾಯವಾಗಿತ್ತು.

ಉಟ್ರೆಕ್ಟ್, ಹೆನ್ನಿ ಅಜ್ಜಿಯ ಮನೆ

ಆ ಊರಿನಲ್ಲಿ ನಾನು ಮಾಡಿದ ಮೊದಲ ಕೆಲಸ ಬೇಲಿಯೊಳಗೆ ಬಿದ್ದದ್ದು. ಕೆಂಪು ಬಣ್ಣದ ಅಗಲವಾದ ದಾರಿ, ಮೇಲೊಂದು ಕಸಕಡ್ಡಿ ಇಲ್ಲ, ನಡೆಯಲು ಚೆನ್ನಾಗಿದೆಯಲ್ಲ ಎಂದು ಅದರ ನಡುವೆ ನಿಂತು ಕಾಲುವೆಯ ಫೋಟೋ ತೆಗೆಯುತ್ತಿದ್ದೆ. ಹಿಂದೆ ಟ್ರಿಣ್ ಟ್ರಿಣ್ ಎಂದಿತು. ನಮ್ಮ ನಾಗಪುರದ ಇತವಾರಿ ಪೇಟೆಯಲ್ಲಿ ತಳ್ಳುವ ಹಾಥಗಾಡಿ, ಟೆಂಪೋ, ಎಮ್ಮೆ ಎಲ್ಲದರ ನಡುವೆ ಸೆರಗು ಕೂಡ ಹರಿಯದಂತೆ ನಡೆದು ಅಭ್ಯಾಸವಿದ್ದವಳು ನಾನು. ಅಲ್ಲಿ ಗಾಡಿಯವನು ನಮ್ಮನ್ನು ಬೈದು, ಬಳಸಿಕೊಂಡು ಹೋಗುತ್ತಾನೆ. ಇಲ್ಲಿ ಸೈಕಲ್ಲಿನ ಮುಂದಿನ ಪೆಟ್ಟಿಗೆಯಲ್ಲಿ ಎರಡು ಕೂಸುಗಳನ್ನು ಕೂರಿಸಿಕೊಂಡ ಒಬ್ಬ ತಾಯಿ ಬಾಣದಂತೆ ನೇರ ಬಂದಳು. ಅದು ಸೈಕಲ್ಲಿನವರ ದಾರಿ, ನಾನು ಇರಲೇಬಾರದ ಜಾಗ ಎಂದು ಆಮೇಲೆ ತಿಳಿಯಿತು. ಹಾರಿ ಬೇಲಿಗೆ ಬಿದ್ದೆ.

ನನ್ನನ್ನು ಕರೆದೊಯ್ಯಲು ಬಂದಿದ್ದ ಮರೈಕೆ ಕೈ ಹಿಡಿದು ಎಬ್ಬಿಸಿದಳು. ಆ ಸಂಶೋಧನಾ ತಂಡದ ಮುಖ್ಯಸ್ಥೆ ಅವಳೇ. ನನ್ನದೇ ವಯಸ್ಸು, ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು. ನಮ್ಮವರಾಗಿದ್ದರೆ ಆ ಸೈಕಲ್ಲಿನವಳಿಗೆ ಎರಡು ಬೈದು ನನಗೆ ಸಮಾಧಾನ ಹೇಳುತ್ತಿದ್ದರು. ಮರೈಕೆ ನನ್ನ ಸೀರೆಗೆ ಅಂಟಿದ ಎಲೆ ತೆಗೆಯುತ್ತಾ, "ತಪ್ಪು ನಿಮ್ಮದೇ," ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಮಳೆ ಬರುತ್ತಿದೆ ಎಂದು ಹೇಳುವಂತೆ ಹೇಳಿದಳು.

ನಾನು ಉಳಿದದ್ದು ಮರೈಕೆಯ ತಾಯಿ ಹೆನ್ನಿ ಅಜ್ಜಿಯ ಮನೆಯ ಮಾಳಿಗೆಯಲ್ಲಿ. ಏಣಿಯಷ್ಟು ಕಡಿದಾದ ಮೆಟ್ಟಿಲು. ಬೀದಿಗೆ ಮುಖ ಮಾಡಿದ ದೊಡ್ಡ ಕಿಟಕಿ, ಪರದೆ ಇಲ್ಲ. ಆ ಬೀದಿಯಲ್ಲಿ ಯಾರ ಮನೆಗೂ ಪರದೆ ಇಲ್ಲ. ಸಂಜೆ ದೀಪ ಹಚ್ಚಿದರೆ ಯಾರು ಏನು ಉಣ್ಣುತ್ತಿದ್ದಾರೆ, ಯಾರು ಸೋಫಾದ ಮೇಲೆ ಕಾಲು ಚಾಚಿದ್ದಾರೆ, ಎಲ್ಲ ಬೀದಿಗೆ ಕಾಣುತ್ತದೆ. ಆದರೆ ಹೋಗುವವರು ಯಾರೂ ಇಣುಕುವುದಿಲ್ಲ. ನಾನೊಬ್ಬಳೇ ಇಣುಕಿ ಇಣುಕಿ ನೋಡಿದ್ದು. ಅಡುಗೆಮನೆ ನೋಡಿ ಬಾ ಎಂದು ಮನೆಯಿಂದ ಆಜ್ಞೆ ಆಗಿದೆಯಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ನಾನು ಹೋದ ವಾರದಲ್ಲೇ ಹೆನ್ನಿ ಅಜ್ಜಿಯ ಹುಟ್ಟುಹಬ್ಬ ಬಂತು. ಯಾರ ಹುಟ್ಟುಹಬ್ಬ ಯಾವಾಗ ಎಂಬ ಕ್ಯಾಲೆಂಡರನ್ನು ಆ ಜನ ಪಾಯಖಾನೆಯಲ್ಲಿ ತೂಗುಹಾಕಿರುತ್ತಾರೆ. ದಿನಾ ಕಣ್ಣಿಗೆ ಬೀಳಲಿ ಎಂದು. ಬಂದ ನೆಂಟರು ಕುರ್ಚಿಗಳನ್ನು ದುಂಡಗೆ ಹಾಕಿ ಕೂತು, ಹುಟ್ಟುಹಬ್ಬದವರಿಗೆ ಮಾತ್ರವಲ್ಲ, ಕೂತವರೆಲ್ಲ ಒಬ್ಬರಿಗೊಬ್ಬರು ಅಭಿನಂದನೆ ಹೇಳಿದರು. ನಿಮ್ಮ ತಾಯಿಯ ಹುಟ್ಟುಹಬ್ಬಕ್ಕೆ ಅಭಿನಂದನೆ, ನಿಮ್ಮ ನೆರೆಯವಳ ಹುಟ್ಟುಹಬ್ಬಕ್ಕೆ ಅಭಿನಂದನೆ. ಒಬ್ಬ ಮುದುಕ ನನ್ನ ಕೈಯನ್ನೂ ಕುಲುಕಿ, "ನಿಮ್ಮ ಮನೆ ಒಡತಿಯ ಹುಟ್ಟುಹಬ್ಬಕ್ಕೆ ಅಭಿನಂದನೆ," ಎಂದ. ನಾನೇನು ಸಾಧನೆ ಮಾಡಿದೆನೋ ತಿಳಿಯಲಿಲ್ಲ. ಥ್ಯಾಂಕ್ಸ್ ಹೇಳಿದೆ.

ಕೇಕ್ ಕತ್ತರಿಸುತ್ತಾ ಹೆನ್ನಿ ಅಜ್ಜಿ, "ನನ್ನ ಹೃದಯದ ಕವಾಟ ಇನ್ನು ಬಹಳ ದಿನ ತಡೆಯೋದಿಲ್ಲವಂತೆ. ಆಪರೇಷನ್ ಬೇಡ ಎಂದು ಹೇಳಿಬಿಟ್ಟೆ. ಆ ದೊಡ್ಡ ಬೀರು ಯಾರಿಗೆ ಬೇಕು?" ಎಂದರು. ನನಗೆ ಕೇಕ್ ನೆತ್ತಿಗೇರಿತು. ಕೆಮ್ಮುತ್ತಲೇ ಕನ್ನಡದಲ್ಲಿ "ಬಿಡ್ತು ಅನ್ರಿ!" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಅವರೆಲ್ಲ ಬೀರುವಿನ ಕಡೆ ತಿರುಗಿ, ಅದು ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು ಅಳೆಯುತ್ತಿದ್ದರು. ಎಂಥ ಕಲ್ಲೆದೆಯ ಜನ ಎಂದು ನನಗೆ ಸಿಟ್ಟು ಬಂತು. ಹೊರಡುವಾಗ ಮರೈಕೆ ಫೋನಿನಲ್ಲಿ ತನ್ನ ದಿನಚರಿ ನೋಡಿ, ಮುಂದೆ ತಾಯಿಯನ್ನು ನೋಡಲು ಬರುವುದು ಯಾವತ್ತು ಎಂದು ಹೇಳಿ ಹೋದಾಗ ಸಿಟ್ಟು ಇನ್ನೂ ಹೆಚ್ಚಾಯಿತು. ನಮ್ಮ ಮನೆಯಲ್ಲಿ ಹೀಗಲ್ಲ, ನಾವು ಹಿರಿಯರನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತೇವೆ ಎಂದುಕೊಂಡು ಸಮಾಧಾನಪಟ್ಟೆ.

ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿದೆ, ಕವಾಟದ ಸಂಗತಿ ಬಿಟ್ಟು. ಅಡುಗೆಮನೆಯಲ್ಲಿ ಒಂದು ಸಾಸಿವೆಕಾಳು ಸಿಡಿಯುವುದಿಲ್ಲ, ಮಧ್ಯಾಹ್ನ ತಣ್ಣನೆಯ ಬ್ರೆಡ್ಡು ಚೀಜು, ಬೆಳಿಗ್ಗೆ ಬ್ರೆಡ್ಡಿನ ಮೇಲೆ ಚಾಕಲೇಟಿನ ಚೂರು ಉದುರಿಸಿಕೊಂಡು ದೊಡ್ಡ ದೊಡ್ಡ ಗಂಡಸರೂ ತಿನ್ನುತ್ತಾರೆ ಎಂದೆ.

"ಪಾಪ, ಅವರಿಗೂ ಎಲ್ಲಾರಿಗೂ ಹುಣ್ಣು ಆಗೇತೇನು?" ಎಂದು ಅತ್ತೆ ನಕ್ಕರು.

ನನಗೆ ನಗಲು ಆಗಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಟ್ಟೆ.

ಆಟದ ಮನೆ

ಆ ಸಂಶೋಧನಾ ಕೇಂದ್ರ ಹಳೆಯ ಗೋದಾಮೊಂದರಲ್ಲಿತ್ತು. ಒಳಗೆ ಹೋದರೆ ಹುಚ್ಚಾಸ್ಪತ್ರೆಗೆ ಬಂದೆನೇನೋ ಅನ್ನಿಸಿತು. ಒಬ್ಬ ದಪ್ಪ ಅಗ್ನಿಶಾಮಕದವನು ಒಳಗೆ ಆಟದ ಲೋಕ ತೋರಿಸುವ ಡಬ್ಬಿಯಂಥ ಕನ್ನಡಕವನ್ನು ಕಣ್ಣಿಗೆ ಕಟ್ಟಿಕೊಂಡು, ಏನೂ ಇಲ್ಲದ ನೆಲದ ಮೇಲೆ ಹೊಟ್ಟೆಯೂರಿ ತೆವಳುತ್ತಿದ್ದ. ಅವನ ಕಣ್ಣಿಗೆ ಅದು ಹೊಗೆ ತುಂಬಿದ ಹಡಗು. ಬೆವರು ಮಾತ್ರ ನಿಜವಾದದ್ದು. ಇನ್ನೊಂದು ಮೂಲೆಯಲ್ಲಿ ಒಬ್ಬ ಹುಡುಗಿ ಇಲ್ಲದ ಆಕಳ ಕೆಚ್ಚಲು ಮುಟ್ಟಿ ಬಾವು ಇದೆಯೋ ನೋಡುತ್ತಿದ್ದಳು. ಪಾರ್ಶ್ವವಾಯು ಹೊಡೆದ ಒಬ್ಬ ಅಜ್ಜ ಸೋತ ಕೈಯಿಂದ ಗಾಳಿಯಲ್ಲಿ ಸೇಬು ಕೀಳುತ್ತಿದ್ದ. ಒಂದೊಂದು ಸೇಬಿಗೂ ಅವನ ಹೆಂಡತಿ ಚಪ್ಪಾಳೆ ತಟ್ಟುತ್ತಿದ್ದಳು. ಅವಳಿಗೆ ಸೇಬು ಕಾಣುತ್ತಿರಲಿಲ್ಲ, ಕೈ ಮೇಲೆದ್ದದ್ದಷ್ಟೇ ಕಾಣುತ್ತಿತ್ತು.

ನನ್ನ ಸರದಿ ಬಂದಾಗ ಆ ಕನ್ನಡಕ ನನ್ನ ತುರುಬಿಗೆ ಹತ್ತಲಿಲ್ಲ. ತಲೆಗೂದಲು ಬಿಚ್ಚಿ ಜಡೆ ಹಾಕಿಕೊಂಡು ಬಂದೆ. ತೆಗೆದಾಗ ಹಣೆಯ ಟಿಕಳಿ ಒಳಗಿನ ಸ್ಪಂಜಿಗೆ ಅಂಟಿ ಉಳಿಯಿತು. ನನಗೆ ಗೊತ್ತಾಗಲಿಲ್ಲ. ಮುಂದೆ ಅದೇ ಕನ್ನಡಕ ಕಟ್ಟಿಕೊಂಡ ಆ ಅಗ್ನಿಶಾಮಕದವನು ಸಂಜೆಯವರೆಗೆ ಹಣೆಯ ಮೇಲೆ ಮರೂನ್ ಟಿಕಳಿ ಇಟ್ಟುಕೊಂಡೇ ಓಡಾಡಿದ. ಯಾರೂ ಹೇಳಲಿಲ್ಲ. ಬಹುಶಃ ಅದು ನನ್ನ ದೇಶದ ಯಾವುದೋ ಆಶೀರ್ವಾದ ಎಂದುಕೊಂಡರು.

ಇರಲಿ. ಮೊದಲು ಅವರ ದೇಶದ ಆಸ್ಪತ್ರೆಯಲ್ಲೇ ನನ್ನನ್ನು ಆಡಿಸಿ ನೋಡೋಣ ಎಂದರು. ಕನ್ನಡಕದೊಳಗೆ ಕಣ್ಣು ತೆರೆದರೆ ಒಂದು ಕೋಣೆ. ಮಂಚದ ಮೇಲೆ ಒಬ್ಬ ಮುದುಕಿ, ಪಕ್ಕದ ಕುರ್ಚಿಯಲ್ಲಿ ಮಗ. ಮುದುಕಿಯ ಹೊಟ್ಟೆಯಲ್ಲಿ ಕೆಟ್ಟ ಗಡ್ಡೆ, ಆ ವಿಷಯ ತಿಳಿಸುವುದು ನನ್ನ ಕೆಲಸ. ಹೊರಗೆ ದೊಡ್ಡ ಪರದೆಯ ಮೇಲೆ ನಾನು ಮಾಡುವುದೆಲ್ಲ ಅಲ್ಲಿದ್ದವರಿಗೆ ಕಾಣುತ್ತಿತ್ತು. ಇಷ್ಟು ವರ್ಷ ಪಾಠ ಹೇಳಿದವಳಿಗೆ ಇದೇನು ಮಹಾ ಎಂದು ಒಳಗೆ ಹೋದೆ. ಮಗನಿಗೆ ನಮಸ್ಕಾರ ಹೇಳಿದೆ. ಹೆಸರು ಕೇಳಿದೆ. ಸಲೈನ್ ನೋಡಿದೆ, ಚಾರ್ಟ್ ನೋಡಿದೆ. ಆಮೇಲೆ ಮಗನಿಗೆ, "ಸ್ವಲ್ಪ ಹೊರಗೆ ಬನ್ನಿ," ಎಂದು ಹೇಳಿ ಬಾಗಿಲು ತೆಗೆದೆ.

ಬಾಗಿಲ ಆಚೆ ಏನೂ ಇರಲಿಲ್ಲ. ನೆಲವಿಲ್ಲ, ಗೋಡೆಯಿಲ್ಲ, ಬರಿ ಬೂದಿ ಬಣ್ಣ. ವರಾಂಡಾ ಮಾಡಿರಲೇ ಇಲ್ಲ. ಆ ಆಟ ಮಾಡಿದವರ ತಲೆಯಲ್ಲಿ ಆ ಬಾಗಿಲನ್ನು ಯಾರಾದರೂ ತೆಗೆದಾರೆಂಬ ಯೋಚನೆಯೇ ಬಂದಿರಲಿಲ್ಲ. ನಾನಾದರೋ ಹಿಂದೆ ಮುಂದೆ ನೋಡದೆ ಆ ಶೂನ್ಯದಲ್ಲಿ ಕಾಲಿಟ್ಟು ನಿಂತು, ಮಗ ಬಾಗಿಲಲ್ಲೇ ನಿಂತಿದ್ದರೂ, ದನಿ ತಗ್ಗಿಸಿ ಎಲ್ಲ ಹೇಳಿ ಮುಗಿಸಿದೆ.

ಕನ್ನಡಕ ತೆಗೆದೆ. ಆಟವನ್ನು ಕಟ್ಟಿದವನು ಯೋಸ್ಟ್ ಎಂಬ ನರೆಗಡ್ಡದ ಮನುಷ್ಯ. ನನ್ನ ಕಣ್ಣು ಎಲ್ಲೆಲ್ಲಿ ನೋಡಿತೆಂದು ಆ ಯಂತ್ರ ಕೆಂಪು ಚುಕ್ಕಿ ಇಟ್ಟು ತೋರಿಸುತ್ತದೆ. ಅವನು ಅದನ್ನು ಪರದೆಗೆ ಹಾಕಿದ. ಮಗನ ಮುಖದ ಮೇಲೆ ಚುಕ್ಕಿಗಳ ಜಾತ್ರೆ. ಸಲೈನ್ ಬಾಟಲಿಯ ಮೇಲೆ, ಚಾರ್ಟಿನ ಮೇಲೆ, ಬಾಗಿಲ ಚಿಲಕದ ಮೇಲೂ ಚುಕ್ಕಿ. ಮುದುಕಿಯ ಮುಖದ ಮೇಲೆ ಒಂದೂ ಇಲ್ಲ.

"ಕ್ಷಮಿಸಿ, ಯಂತ್ರ ಕೆಟ್ಟಿರಬೇಕು," ಎಂದು ಯೋಸ್ಟ್ ಕನ್ನಡಕ ಬಿಚ್ಚಿ ತಾನೇ ಹಾಕಿಕೊಂಡು ಪರೀಕ್ಷೆ ಮಾಡಿದ. ಯಂತ್ರ ಸರಿಯಾಗಿಯೇ ಇತ್ತು. ಅವನು ಅದನ್ನು ಮೇಜಿನ ಮೇಲಿಟ್ಟ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಬೈದಿದ್ದರೆ ವಾಸಿಯಿತ್ತು. ನನ್ನ ಪರವಾಗಿ ಯಂತ್ರದ ಮೇಲೆ ತಪ್ಪು ಹೊರಿಸಿದನಲ್ಲ, ಅದು ಇನ್ನೂ ಸಂಕಟವಾಯಿತು.

"ಹೊರಗೆ ಯಾಕೆ ಹೋದಿರಿ?" ಎಂದು ಮರೈಕೆ ಕೇಳಿದಳು.

"ರೋಗಿಗೆ ಕೇಳಿಸಬಾರದಲ್ಲ."

"ಯಾಕೆ? ಕಾಯಿಲೆ ಅವಳದೇ ಅಲ್ಲವೇ?"

ಅವಳು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಅಷ್ಟು ಜನರ ಮುಂದೆ ಮುಖ ಕಳೆದುಕೊಂಡ ನನಗೆ ಎಲ್ಲಿಲ್ಲದ ಅಭಿಮಾನ ಉಕ್ಕಿತು. ಒಂದು ಭಾಷಣವನ್ನೇ ಬಿಗಿದೆ. ನಮ್ಮಲ್ಲಿ ಕಾಯಿಲೆ ಒಬ್ಬರದ್ದಲ್ಲ, ಇಡೀ ಮನೆಯದ್ದು. ಭಾರವನ್ನು ಮಕ್ಕಳು ಹೊರುತ್ತಾರೆ, ಹಿರಿಯರನ್ನು ನೆಮ್ಮದಿಯಿಂದ ಇಡುತ್ತಾರೆ. ಇದು ನಮ್ಮ ಸಂಸ್ಕೃತಿ, ನಿಮಗೆ ತಿಳಿಯುವುದಿಲ್ಲ. ಅವರು ತಲೆದೂಗಿ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಯೋಸ್ಟ್ ಗಂಭೀರವಾಗಿ ಕೇಳಿದ: "ಹಾಗಾದರೆ ನಿಮ್ಮ ಆಸ್ಪತ್ರೆಗೆ ವರಾಂಡಾ ಕಟ್ಟಬೇಕು. ಹೇಗಿರುತ್ತದೆ, ಹೇಳುತ್ತೀರಾ?"

ವರಾಂಡಾ ಕಟ್ಟಿದ್ದು

ಹೇಳಿದೆ. ಅದೇನು ಉತ್ಸಾಹದಿಂದ ಹೇಳಿದೆನೋ! ಸ್ಟೀಲಿನ ಬೆಂಚು, ಅದರ ಕೆಳಗೆ ಟಿಫಿನ್ ಚೀಲ. ನೀರಿನ ಕೂಲರಿಗೆ ಸರಪಳಿ ಕಟ್ಟಿದ ಲೋಟ. ವಾರ್ಡಿನ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಗೋಡೆಯ ಬದಿಗೆ ಚಾದರ ಹಾಸಿ ಮಲಗಿದ ಯಾರದೋ ಅಣ್ಣ. ಎರಡು ಬೆರಳಿನ ಸಂದಿಯಲ್ಲಿ ಎಕ್ಸ್‌ರೇ ಹಿಡಿದು ಬೆಳಕಿಗೆ ಎತ್ತಿ, ಏನೂ ತಿಳಿಯದಿದ್ದರೂ ತಲೆ ಅಲ್ಲಾಡಿಸುವ ಮಾವ. ಯೋಸ್ಟ್ ಒಂದನ್ನೂ ಬಿಡದೆ ಕಟ್ಟಿದ. ದಿನದಿಂದ ದಿನಕ್ಕೆ ಆ ಬೂದಿ ಶೂನ್ಯದಲ್ಲಿ ನಾಗಪುರ ಎದ್ದು ನಿಂತಿತು. ಒಂದು ದಿನ ಕನ್ನಡಕ ಹಾಕಿಕೊಂಡು ಆ ಬೆಂಚಿನ ಹತ್ತಿರ ನಿಂತಾಗ ನನಗೆ ಮನೆಯ ನೆನಪಾಯಿತು. ಅಂಥದೇ ಬೆಂಚಿನ ಮೇಲೆ ಅತ್ತೆಯನ್ನು ಕೂರಿಸಿ ಬಂದೆನಲ್ಲ ಎಂಬುದು ಆ ಹೊತ್ತಿಗೆ ಹೊಳೆಯಲೂ ಇಲ್ಲ.

ಮಾತುಗಳನ್ನು ಬರೆದುಕೊಟ್ಟವಳೂ ನಾನೇ, ನರ್ಸಿನ ದನಿ ಕೊಟ್ಟವಳೂ ನಾನೇ. ಮಗನಿಗೆ ಹೇಳುವ ಮಾತು ಉದ್ದವಾಗಿತ್ತು. ಕೋಣೆಗೆ ಮರಳಿ ರೋಗಿಗೆ ಹೇಳುವುದು ಒಂದೇ ಸಾಲು. ಏನು ಹೇಳಲಿ ಎಂದು ನಾನು ಯೋಚಿಸಲೇ ಇಲ್ಲ, ಬಾಯಿಗೆ ತಾನಾಗಿ ಬಂತು: "ಕಾಹೀ ನಾಹೀ ಆಜೀ, ಸಾಧಾ ಅಲ್ಸರ್ ಆಹೇ." ಏನೂ ಇಲ್ಲ ಅಜ್ಜಿ, ಸಾದಾ ಹುಣ್ಣು ಅಷ್ಟೇ. ಮರಾಠಿ ಬಾರದ ಆ ಮಂದಿ, "ದನಿ ಎಷ್ಟು ಹಿತವಾಗಿದೆ!" ಎಂದು ಮೆಚ್ಚಿದರು.

ಆ ದಿನಗಳಲ್ಲೇ ಬೆಳಗಿನ ತಿಂಡಿಗೆ ಕೂತಾಗ ಹೆನ್ನಿ ಅಜ್ಜಿ, "ನೀವು ಫೋನಿನಲ್ಲಿ ಮಾತಾಡುವುದು ಯಾರ ಜೊತೆ? ಇಟ್ಟ ಮೇಲೆ ಯಾವಾಗಲೂ ಮುಖ ಬಾಡಿರುತ್ತದೆ," ಎಂದರು. ಪರವೂರು, ಪರಭಾಷೆ. ಯಾರಿಗೆ ಹೋಗಿ ಹೇಳಿಯಾರು ಎಂಬ ಧೈರ್ಯದಿಂದ ಎಲ್ಲ ಹೇಳಿಬಿಟ್ಟೆ. ಅತ್ತೆಯ ಗಡ್ಡೆ, ಆಪರೇಷನ್, ನಾವು ಮಾಡಬೇಕಾದ ತೀರ್ಮಾನ. ಹೇಳುತ್ತಾ ಹೇಳುತ್ತಾ ಎದೆ ಹಗುರಾಯಿತು.

"ಆಕೆ ಏನು ಅನ್ನುತ್ತಾರೆ?" ಎಂದು ಹೆನ್ನಿ ಅಜ್ಜಿ ಕೇಳಿದರು.

"ಅವರಿಗೆ ಹೇಳಿಲ್ಲ."

ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಕೈ ನಿಂತಿತು. "ಹಾಗಾದರೆ ನನಗೆ ಯಾಕೆ ಹೇಳಿದಿರಿ?" ಎಂದರು. ಅವರ ದನಿಯಲ್ಲಿ ನಿಜವಾಗಿ ಬೇಸರವಿತ್ತು. ತನ್ನದಲ್ಲದ ವಸ್ತುವನ್ನು ಯಾರೋ ತಂದು ತನ್ನ ಮನೆಯಲ್ಲಿಟ್ಟು ಹೋದಂತೆ ಅವರಿಗೆ ಅನ್ನಿಸಿತೇನೋ.

ಮಂಚದ ಮೇಲೆ

ಹೊರಡುವ ಮುನ್ನ ಮರೈಕೆ ಇನ್ನೊಂದು ನಿಯಮ ಹೇಳಿದಳು. ಅವರ ಯಾವ ಆಟವಾದರೂ ಅಷ್ಟೇ: ಮಾಡಿಸಿದವರು ಎಲ್ಲ ಪಾತ್ರಗಳನ್ನೂ ಒಮ್ಮೆ ಆಡಲೇಬೇಕು. ಅಗ್ನಿಶಾಮಕದವರು ಹೊಗೆಯಲ್ಲಿ ಸಿಕ್ಕಿಬಿದ್ದವರಾಗಿಯೂ ಆಡುತ್ತಾರೆ. "ನೀವು ನರ್ಸ್ ಆದಿರಿ. ಇವತ್ತು ರೋಗಿ ಆಗಿ," ಎಂದಳು. ಅಲ್ಲಿ ಒಂದು ನಿಜವಾದ ಆಸ್ಪತ್ರೆ ಮಂಚ ಇತ್ತು. ಮಲಗಿದೆ. ಕನ್ನಡಕ ಕಟ್ಟಿದರು.

ಮೊದಲು ಕಂಡದ್ದು ಹೊದಿಕೆಯ ಮೇಲಿನ ನನ್ನ ಕೈಗಳು. ಸುಕ್ಕುಗಟ್ಟಿದ ಮುದಿ ಕೈಗಳು. ಬೆರಳು ಆಡಿಸಿದರೆ ಅವೂ ಆಡಿದವು. ನರ್ಸು ಬಂದಳು, ನನ್ನ ಕಡೆ ನೋಡಲಿಲ್ಲ. ಅವಳು ನಾನೇ, ನಾನು ಮಾಡಿದ್ದನ್ನೇ ಯೋಸ್ಟ್ ಅಚ್ಚಿಳಿಸಿದ್ದ. ಸಲೈನ್ ನೋಡಿದಳು, ಚಾರ್ಟ್ ನೋಡಿದಳು, ಮಗನನ್ನು ಕರೆದುಕೊಂಡು ಹೊರಗೆ ಹೋದಳು. ಬಾಗಿಲು ಮುಚ್ಚಿತು. ಬಾಗಿಲಲ್ಲೊಂದು ದುಂಡನೆಯ ಗಾಜು. ಅದರಾಚೆ ನಾನು ಹೇಳಿ ಕಟ್ಟಿಸಿದ ವರಾಂಡಾ. ಅಲ್ಲಿ ಅವರಿಬ್ಬರೂ ಮಾತಾಡುತ್ತಿದ್ದರು. ಸದ್ದಿಲ್ಲ. ಮಗ ಒಮ್ಮೆ ಗಾಜಿನೊಳಗಿಂದ ನನ್ನನ್ನು ನೋಡಿದ, ನಾನು ನೋಡುತ್ತಿದ್ದೇನೆಂದು ತಿಳಿದ ಕೂಡಲೇ ಮುಖ ತಿರುಗಿಸಿದ. ಅವನ ಭುಜ ಅಲುಗಿತು.

ಆಟ ಎಂಬುದು ನನಗೆ ಮರೆತೇ ಹೋಯಿತು. "ಏನಂದ್ರು? ಏನಂದ್ರು ಅವರು?" ಎಂದು ಕೂಗಿದೆ. ಒಳಗೆ ಯಾರೂ ಕೇಳಿಸಿಕೊಳ್ಳಲಿಲ್ಲ. ಆಟಕ್ಕೆಂದು ಕೈಗೆ ಕೊಟ್ಟಿದ್ದ ಹಿಡಿಕೆಯ ಗುಂಡಿಗಳನ್ನೆಲ್ಲ ಒತ್ತಿದೆ.

"ಯೋಸ್ಟ್, ರೋಗಿ ಮಾತಾಡಬೇಕಾದರೆ ಏನು ಒತ್ತಬೇಕು?"

ಹೊರಗಿನಿಂದ ಅವನ ದನಿ ಬಂತು. "ಏನೂ ಇಲ್ಲ ಗಿರಿಜಾ. ನೀವು ಬರೆದುಕೊಟ್ಟದ್ದರಲ್ಲಿ ರೋಗಿಗೆ ಮಾತೇ ಇರಲಿಲ್ಲ."

ಬಾಗಿಲು ತೆರೆಯಿತು. ನರ್ಸು ನಗುನಗುತ್ತಾ ಬಂದು ನನ್ನ ಮುಖದ ಮೇಲೆ ಬಾಗಿ, ನನ್ನದೇ ದನಿಯಲ್ಲಿ, "ಕಾಹೀ ನಾಹೀ ಆಜೀ, ಸಾಧಾ ಅಲ್ಸರ್ ಆಹೇ," ಎಂದಳು.

ಕನ್ನಡಕ ಕಿತ್ತು ತೆಗೆದೆ. ಸ್ಪಂಜು ಒದ್ದೆಯಾಗಿತ್ತು. ಇಷ್ಟು ವರ್ಷ ಎಷ್ಟು ಹುಡುಗಿಯರಿಗೆ ಈ ದನಿ ಕಲಿಸಿದೆ! ಹೀಗೆ ಬಾಗಬೇಕು, ಹೀಗೆ ನಗಬೇಕು, ಹೀಗೆ ಅಜ್ಜಿ ಎನ್ನಬೇಕು. ಎಷ್ಟು ಮಂದಿ ಮಂಚದ ಮೇಲಿಂದ ಆ ದುಂಡು ಗಾಜನ್ನು ನೋಡಿರಬೇಕು. ಅವರಲ್ಲಿ ಈಗ ನನ್ನ ಅತ್ತೆಯೂ ಒಬ್ಬರು. ನಾನು ಹಿರಿಯರನ್ನು ನೆಮ್ಮದಿಯಿಂದ ಇಡುತ್ತಿದ್ದೇನೆ ಎಂದು ಪರದೇಶಕ್ಕೆ ಬಂದು ಭಾಷಣ ಮಾಡಿದ್ದೆ.

"ತಲೆ ಸುತ್ತಿತೇ? ಬಹಳ ಜನಕ್ಕೆ ಹಾಗಾಗುತ್ತದೆ," ಎಂದು ಮರೈಕೆ ಕಾಫಿ ತಂದುಕೊಟ್ಟಳು.

"ಹೌದು, ತಲೆ ಸುತ್ತಿತು," ಎಂದೆ. ಆಗಲೂ ನಿಜ ಹೇಳಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡು, ರೋಗಿಗೆ ಮಾತು ಕೊಡಬೇಕು ಎಂದು ಯೋಸ್ಟ್‌ಗೆ ಹೇಳಿದೆ. ಅವನು ಕೂಡಲೇ ಕಂಪ್ಯೂಟರ್ ಎಳೆದುಕೊಂಡು, "ಹೇಳಿ, ಆಕೆ ಏನು ಕೇಳುತ್ತಾಳೆ?" ಎಂದ. ನನಗೆ ಗೊತ್ತಿರಲಿಲ್ಲ. ವಿಷಯ ತಿಳಿದ ರೋಗಿ ಏನು ಕೇಳಬಹುದೆಂದು ಇಷ್ಟು ವರ್ಷದ ಕೆಲಸದಲ್ಲಿ ನಾನು ನಿಂತು ಕೇಳಿಸಿಕೊಂಡಿರಲೇ ಇಲ್ಲ. ಕೊನೆಗೆ ಆ ಜಾಗ ಖಾಲಿ ಬಿಟ್ಟೇ ಬಂದೆ.

ಮತ್ತೆ ನಾಗಪುರ

ವಿಮಾನ ನಿಲ್ದಾಣಕ್ಕೆ ಮಲ್ಲಿಕಾರ್ಜುನ ಅವರೇ ಕಾರು ತಂದಿದ್ದರು. ಮೂರು ವಾರದಲ್ಲಿ ಮುಖ ಇಳಿದುಹೋಗಿತ್ತು. ಮರುದಿನ ಡಾಕ್ಟರಿಗೆ ತೀರ್ಮಾನ ಹೇಳಬೇಕಿತ್ತು.

"ಆಪರೇಷನ್ ಬ್ಯಾಡ ಅಂತ ಹೇಳೂಣೇನು? ಇಲ್ಲಾ ಮಾಡಸೂಣೇನು? ನನಗೇನೂ ತಿಳೀವಲ್ದು, ಗಿರಿಜಾ," ಎಂದರು.

"ಅತ್ತಿಯವರನ್ನ ಕೇಳೂಣ್ರಿ."

ಅವರು ನನ್ನತ್ತ ತಿರುಗಿದ ರಭಸಕ್ಕೆ ಹಿಂದಿನ ಆಟೋದವನು ಹಾರ್ನ್ ಒತ್ತಿದ. "ಅವ್ವಗ ಹೇಳತಿಯೇನು? ತಲಿ ಸರಿ ಐತಿಲ್ಲೋ? ಅವ್ವ ತಡಕೊಳ್ಳೂದಿಲ್ಲ."

"ಅತ್ತಿ ತಡಕೊಳ್ಳೂದಿಲ್ಲೋ, ನೀವು ತಡಕೊಳ್ಳೂದಿಲ್ಲೋ?"

ಅವರು ರಸ್ತೆಯ ಕಡೆ ತಿರುಗಿ ಕಾರನ್ನು ಮನೆಯತ್ತ ಓಡಿಸಿದರು. ಒಳಗೆ ಬಂದವರೇ ಮಲಗುವ ಕೋಣೆ ಸೇರಿದರು. ನಾನು ಕೈಕಾಲು ತೊಳೆದು ಅತ್ತೆಯ ಕೋಣೆಗೆ ಹೋದೆ. ಅವರು ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದರು. ಸೊರಗಿದ್ದರು.

"ಬಾ, ಕುಂದರು. ಮೊದಲ ಅಡಗಿಮನಿ ಕಥಿ ಹೇಳು."

ನಾನು ಕೂತೆ. ಅವರ ಮುಖವನ್ನೇ ನೋಡಿದೆ. ಅದು ಎಷ್ಟು ಕಷ್ಟದ ಕೆಲಸವೆಂದು ಅವತ್ತು ತಿಳಿಯಿತು. "ಅತ್ತೀ, ನಿಮಗ ಹುಣ್ಣು ಆಗಿಲ್ಲರಿ," ಎಂದೆ.

"ಮತ್ತ?"

"ಕ್ಯಾನ್ಸರ್ ಐತ್ರಿ."

ಡಾಕ್ಟರು ಹೇಳಿದ್ದನ್ನೆಲ್ಲ ಬಿಡದೆ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೆಳಗೆ ಓಣಿಯಲ್ಲಿ ತರಕಾರಿಯವನು ಕೂಗುತ್ತಾ ಹೋದ.

"ಅಂದ್ರ ಹುಣ್ಣು ಇಲ್ಲ. ಇಷ್ಟು ದಿನ ಸುಮ್ಮಸುಮ್ಮನ ನನಗ ಮೊಸರನ್ನ ತಿನಿಸಿದ್ರಿ."

ನನಗೆ ಅಳುವಿನ ನಡುವೆ ನಗು ಬಂತು. ಅವರು ನಗಲಿಲ್ಲ.

"ನಗಬ್ಯಾಡ. ನಾ ಚಾಷ್ಟಿ ಮಾಡಾಕತ್ತಿಲ್ಲ. ಇಷ್ಟು ವರ್ಷ ಸಾಲ್ಯಾಗ ಹುಡುಗೂರ ಉತ್ತರಪತ್ರಿಕಿ ಅವರವರ ಕೈಯಾಗ ಕೊಟ್ಟಾಕಿ ನಾನು. ನಪಾಸಾದವರದೂ ಅವರ ಕೈಯಾಗ ಕೊಟ್ಟೇನಿ. ಹುಡುಗನ್ನ ಹೊರಗ ನಿಂದ್ರಿಸಿ ಅವರಪ್ಪನ ಕೈಯಾಗ ಕೊಟ್ಟಿಲ್ಲ."

"ತಪ್ಪಾತ್ರಿ."

"ಯಾರ್ಯಾರಿಗೆ ಗೊತ್ತೈತಿ?"

ಹೇಳಿದೆ. ಮಗನಿಗೆ, ನನಗೆ, ಹುಬ್ಬಳ್ಳಿಯಲ್ಲಿರುವ ನಾದಿನಿಗೆ, ಇತವಾರಿಯ ನಮ್ಮ ಬಟ್ಟೆ ಅಂಗಡಿಯ ಪಾಲುದಾರರಿಗೆ. ಆಮೇಲೆ, ತಲೆ ತಗ್ಗಿಸಿ, ನಾನು ಇದ್ದ ಮನೆಯ ಅಜ್ಜಿಗೆ.

"ಆ ಪರದೇಶದ ಮುದುಕಿಗೂ ಹೇಳಿದಿ? ನನಗಿಂತ ಮೊದಲ?"

"ಹೌದ್ರಿ."

ಆಪರೇಷನ್ ಮಾಡಿಸಿದರೆ ಎಷ್ಟು ದಿನ, ಬಿಟ್ಟರೆ ಎಷ್ಟು ದಿನ, ನೋವು ಎಷ್ಟಾಗುತ್ತದೆ ಎಂದೆಲ್ಲ ಕೇಳುತ್ತಾರೆಂದು ನಾನು ಉತ್ತರ ಹೊಂದಿಸಿಕೊಳ್ಳುತ್ತಿದ್ದೆ. ಅವರು ಕೇಳಿದ್ದು ಬೇರೆ.

"ಮಲ್ಲೂ ಒಬ್ಬಾವನ ಇದನ್ನ ಹೊತಗೊಂಡು ಅಡ್ಡಾಡಾಕತ್ತಾನ, ಹೌದಿಲ್ಲೋ? ನೀ ಅಲ್ಲಿ ಹೋಗಿ ಕುಂತಿ. ಅವ ಉಣವಲ್ಲ, ನನ್ನ ಮುಂದ ಕುಂದರವಲ್ಲ. ಅಂಗಡಿ ಚಿಂತಿ ಇರಬೇಕು ಅಂತ ನಾ ತಿಳಕೊಂಡೆ. ಅವನ ತಲಿ ಮ್ಯಾಲ ಕೈ ಇಡಬೇಕಾದಾಕಿ ನಾನು. ನಾ ಇನ್ನೂ ಇದ್ದೇನಿ. ಅದನ್ನೂ ನೀವು ನನ್ನ ಕಡಿಂದ ಕಸಗೊಂಡ್ರಿ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

"ನಾಳಿಗೆ ಡಾಕ್ಟರ್ ಮುಂದ ನಾ ಕುಂದರತೀನಿ. ಏನು ಮಾಡೂದು ಅಂತ ನಾ ಹೇಳತೀನಿ, ನೀವು ಹೇಳಬ್ಯಾಡ್ರಿ. ಈಗ ಮಲ್ಲೂನ್ನ ಕರಿ."

ಕರೆದೆ. ಅವರು ಬಂದು ಬಾಗಿಲಲ್ಲೇ ನಿಂತರು. ತಾಯಿಯ ಮುಖ ನೋಡಿ, ನನ್ನ ಮುಖ ನೋಡಿ, ಎಲ್ಲ ತಿಳಿದುಕೊಂಡರು. ಅತ್ತೆ ಹಾಸಿಗೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. ನಾನೂ ಕುರ್ಚಿ ಎಳೆದುಕೊಂಡು ಕೂರಲು ಹೋದೆ.

"ಗಿರಿಜಾ, ನೀ ಸ್ವಲ್ಪ ಹೊರಗ ಕುಂದರು," ಎಂದರು ಅತ್ತೆ. "ನನ್ನ ಮಗನ ಜೋಡಿ ಮಾತಾಡೂದೈತಿ."

ಎದ್ದು ಹೊರಗೆ ಬಂದೆ. ಹಿಂದೆ ಬಾಗಿಲು ಮುಚ್ಚಿತು. ಒಳಗೆ ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ನನ್ನ ಗಂಡ ಅಳುವುದು ಮಾತ್ರ ಕೇಳಿಸಿತು. ಮದುವೆಯಾದಾಗಿನಿಂದ ಅವರ ಅಳುವನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.